ಛಾವಣಿ ಇಲ್ಲದ ಕೆಥೆಡ್ರಲ್‌ನಲ್ಲಿ ಏನು ನೋಡುವುದು?

ಪ್ರಶ್ನೆ: ಮುಂದಿನ ತಿಂಗಳು ಮಗಳ ಜೊತೆ ಸ್ಕಾಟ್ಲೆಂಡಿಗೆ ಹೊರಟಿದ್ದೇನೆ. ಎಲ್ಗಿನ್ ಊರಿನ ಕೆಥೆಡ್ರಲ್, ಅಂದರೆ ಬಿಷಪ್‌ನ ಮುಖ್ಯ ಚರ್ಚು, ನೋಡಬೇಕೆಂದು ನನ್ನಾಸೆ. ಫೋಟೋ ನೋಡಿದ ಮಗಳು, "ಬರೀ ಮುರಿದ ಗೋಡೆ, ಅರ್ಧ ದಿನ ಯಾಕೆ ಹಾಳು?" ಅನ್ನುತ್ತಾಳೆ. ನಿಜವಾಗಿ ಅಲ್ಲಿ ಏನಿದೆ?

ಉತ್ತರ: ಹೋಗಿ ಬನ್ನಿ ಮೇಡಂ. ನಾನು ಮಳೆ ನಿಂತ ಒಂದು ಬೆಳಿಗ್ಗೆ ಹೋಗಿದ್ದೆ, ಮಧ್ಯಾಹ್ನ ಕಳೆದರೂ ಹೊರಡಲು ಮನಸ್ಸಾಗಲಿಲ್ಲ. ಇನ್ವರ್ನೆಸ್–ಅಬರ್ಡೀನ್ ರೈಲು ದಾರಿಯಲ್ಲೇ ಎಲ್ಗಿನ್ ಸಿಗುತ್ತದೆ.

ಪಶ್ಚಿಮದ ಎರಡು ಗೋಪುರಗಳ ನಡುವಿನ ಬಾಗಿಲಲ್ಲಿ ಒಳಗೆ ಹೋಗುತ್ತೀರಿ. ಒಳಗೆ ಕಾಲಿಟ್ಟರೆ ಹುಲ್ಲು, ತಲೆ ಮೇಲೆ ಆಕಾಶ. ಅಲ್ಲೇ ನಿಂತು ಸುಮ್ನೆ ನೇರ ನೋಡಿ. ದೂರದ ಪೂರ್ವದ ಗೋಡೆಯಲ್ಲಿ ಉದ್ದನೆಯ ಕಿಟಕಿಗಳು ಎರಡು ಸಾಲಾಗಿವೆ, ಸಾಲಿಗೆ ಐದು. ಅವುಗಳ ಮೇಲೊಂದು ದೊಡ್ಡ ಗುಂಡು ಕಿಟಕಿ. ಗಾಜು ಒಂದೂ ಉಳಿದಿಲ್ಲ. ಮೋಡ ಸರಿದಾಗ ಆ ಕಿಟಕಿಗಳ ಬೆಳಕು ಹುಲ್ಲಿನ ಮೇಲೆ ಬಂದು ಬಿತ್ತು. ಇದನ್ನು 'ಉತ್ತರದ ಲಾಂದ್ರ' ಎಂದು ಯಾಕೆ ಕರೆದರು ಅಂತ ಆಗ ಗೊತ್ತಾಯಿತು.

ಆಮೇಲೆ ಎಂಟು ಮೂಲೆಯ ಚಾಪ್ಟರ್ ಹೌಸ್‌ಗೆ ಹೋಗಿ. ಪಾದ್ರಿಗಳು ಸಭೆ ಸೇರುತ್ತಿದ್ದ ಕೋಣೆ ಅದು. ನಡುವೆ ಒಂದೇ ಕಂಬ, ಅದರಿಂದ ಕಲ್ಲಿನ ಕಮಾನುಗಳು ಕೊಡೆಯ ಕಡ್ಡಿಗಳ ಹಾಗೆ ಹರಡಿಕೊಂಡಿವೆ. ಉಳಿದದ್ದೆಲ್ಲ ಬಿದ್ದರೂ ಇದರ ಛಾವಣಿ ನಿಂತಿದೆ. ಮುಂದೆ ಊರಿನ ಕಸುಬುದಾರರ ಸಂಘಗಳು ಇಲ್ಲಿ ಸಭೆ ನಡೆಸುತ್ತಿದ್ದವು. ಜನ ಬಳಸುತ್ತಿದ್ದ ಕೋಣೆಯನ್ನು ಯಾರಾದರೂ ನೋಡಿಕೊಳ್ಳುತ್ತಾರೆ ಅಲ್ವಾ?

ಪ್ರಶ್ನೆ: ಇಷ್ಟು ದೊಡ್ಡ ಕಟ್ಟಡ ಯುದ್ಧದಲ್ಲಿ ಹಾಳಾಯಿತೇ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಬೆಂಕಿ ಬಿದ್ದದ್ದು ನಿಜ. ರಾಜ ಎರಡನೇ ರಾಬರ್ಟನ ಮಗ ಅಲೆಕ್ಸಾಂಡರ್ ಸ್ಟುವರ್ಟ್, ಜನ 'ಬೇಡನಾಕ್‌ನ ತೋಳ' ಎಂದು ಕರೆದವನು, ಬಿಷಪ್ ಮೇಲಿನ ಸಿಟ್ಟಿಗೆ 1390ರಲ್ಲಿ ಕೆಥೆಡ್ರಲ್ಲನ್ನೂ ಊರನ್ನೂ ಸುಟ್ಟ. ಆದರೆ ಅದನ್ನು ಮತ್ತೆ ಕಟ್ಟಿದರು. ಅದನ್ನು ಕೊಂದದ್ದು ಬೆಂಕಿಯಲ್ಲ, ಮಳೆ.

1560ರಲ್ಲಿ ಸ್ಕಾಟ್ಲೆಂಡಿನ ಧರ್ಮ ಸುಧಾರಣೆಯಾಗಿ, ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟಂಟ್ ಆದ ಮೇಲೆ ಕೆಥೆಡ್ರಲ್ ಯಾರಿಗೂ ಬೇಡವಾಯಿತು. 1567ರಲ್ಲಿ ಸೈನಿಕರ ಸಂಬಳಕ್ಕೆ ಹಣ ಬೇಕೆಂದು ಛಾವಣಿಯ ಸೀಸದ ತಗಡು ಕೀಳಲು ಆಜ್ಞೆ ಬಂತು. ತಗಡು ಹೋದ ಮೇಲೆ ಮರಕ್ಕೆ ನೀರು ಇಳಿಯುತ್ತದೆ, ಮರ ಕೊಳೆಯುತ್ತದೆ, ಗೋಡೆಗೆ ಆಸರೆ ತಪ್ಪುತ್ತದೆ. 1637ರ ಬಿರುಗಾಳಿಗೆ ಪೂರ್ವ ಭಾಗದ ಛಾವಣಿ ಬಿತ್ತು. 1711ರ ಈಸ್ಟರ್ ಭಾನುವಾರ ನಡುವಿನ ಗೋಪುರವೇ ಕುಸಿಯಿತು. ಆ ಕಲ್ಲುಗಳು ಊರಿನವರ ಮನೆ ಸೇರಿದವು. ತಗಡು ಕಿತ್ತ ದಿನದಿಂದ ಲೆಕ್ಕ ಹಾಕಿದರೆ 144 ವರ್ಷ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ಏನು ತೋರಿಸಲಿ?

ಉತ್ತರ: ಚಾಪ್ಟರ್ ಹೌಸ್‌ಗೆ ಹೋಗುವ ದಾರಿಯ ಪುಟ್ಟ ಕೋಣೆ ತೋರಿಸಿ. 1740ರ ದಶಕದ ಕೊನೆಗೆ ಮಾರ್ಜರಿ ಎಂಬ ಬಡ ಹೆಂಗಸು ಕೂಸನ್ನು ಎತ್ತಿಕೊಂಡು ಬಂದು ಅಲ್ಲಿ ಉಳಿದಳು. ಅಲ್ಲಿನ ಕಲ್ಲಿನ ತೊಟ್ಟಿಯೇ ಮಗುವಿಗೆ ತೊಟ್ಟಿಲು ಎಂದು ಊರವರು ಹೇಳುತ್ತಾರೆ. ಆ ಮಗು ಆಂಡ್ರ್ಯೂ ಆಂಡರ್ಸನ್ ದೊಡ್ಡವನಾಗಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಜನರಲ್ ಆದ. ಸಾಯುವಾಗ ವಯಸ್ಸಾದವರ ಆಸರೆಗೆ, ಮಕ್ಕಳ ಓದಿಗೆ ಎಂದು ಎಲ್ಗಿನ್‌ಗೆ ಹಣ ಬಿಟ್ಟು ಹೋದ. ಆ ಹಣದಲ್ಲಿ ಕಟ್ಟಿದ ಕಟ್ಟಡ ಊರಿನಲ್ಲಿ ಈಗಲೂ ಇದೆ. ಹೋಗುವಾಗ ಅದನ್ನೂ ನೋಡಿ.

ಗೋಪುರ ಹತ್ತಲು ಬಿಟ್ಟರೆ ಹತ್ತಿಸಿ. ಮೆಟ್ಟಿಲು ಕಿರಿದು, ಹಿಡಿತ ಇರುವ ಶೂ ಇರಲಿ. ಹುಲ್ಲು ಸದಾ ಒದ್ದೆ.

ಹೊರಡುವ ಮುಂಚೆ ಅವಳನ್ನು ಜಾನ್ ಶ್ಯಾಂಕ್ಸ್‌ನ ಸಮಾಧಿಗೆ ಕರೆದುಕೊಂಡು ಹೋಗಿ. ಶೂ ಹೊಲಿಯುವ ಕಸುಬಿನವನು. ಬಿದ್ದ ಗೋಪುರದ ಕಲ್ಲುಮಣ್ಣನ್ನು ತನ್ನ ಕೈಯಾರೆ ತೆಗೆದವನು ಇವನು. ಕಂಬಗಳ ಬುಡ ಕಂಡದ್ದು ಆಮೇಲೆ. ಮಣ್ಣಿನಲ್ಲಿ ಸಿಕ್ಕ ಕೆತ್ತನೆಯ ತುಂಡುಗಳನ್ನು ಆರಿಸಿ ಇಟ್ಟ. ಹದಿನೇಳು ವರ್ಷ ಕಾವಲಿದ್ದು, ಬಂದವರಿಗೆ ತೋರಿಸಿದ ಎಂದು ಸಮಾಧಿ ಕಲ್ಲಿನಲ್ಲಿ ಬರೆದಿದೆ. 1841ರಲ್ಲಿ ತೀರಿಕೊಂಡ. ನೀವು ನಡೆದಾಡುವ ಆ ಸಮ ನೆಲ ಅವನು ಬಿಡಿಸಿ ಕೊಟ್ಟದ್ದು.