ವಿನಿಪೆಗ್‌ನಲ್ಲಿ ಬಾಳೆಲೆ, ನುಗ್ಗೆಸೊಪ್ಪು

ಪ್ರಶ್ನೆ: ಮಗಳು ಕೆನಡಾದ ವಿನಿಪೆಗ್‌ನಲ್ಲಿ ಓದುತ್ತಿದ್ದಾಳೆ. ಫಿಲಿಪ್ಪೀನ್ಸ್‌ನವರ ಅಂಗಡಿಗಳಲ್ಲಿ ನಮ್ಮ ಅಡುಗೆಯ ಸಾಮಾನು ಸಿಗುತ್ತದೆಂದು ಕೇಳಿದ್ದೇವೆ. ನಿಜವೇ? ಸಸ್ಯಾಹಾರಿಯಾದ ಅವಳು ಅಲ್ಲಿನ ಬೇಕರಿ, ಹೋಟೆಲುಗಳಲ್ಲಿ ಏನು ತಿನ್ನಬಹುದು?
– ಓದುಗರೊಬ್ಬರು, ಉಡುಪಿ

ಉತ್ತರ: ನಿಜ. 1960ರ ದಶಕದ ಕೊನೆಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳ ಕೆಲಸಕ್ಕೆ ಫಿಲಿಪ್ಪೀನ್ಸ್‌ನಿಂದ ಬಂದವರು ಅಲ್ಲೇ ನೆಲೆಸಿ, ಅವರ ಬಳಗ ಬೆಳೆದುದರಿಂದ ವಿನಿಪೆಗ್‌ನಲ್ಲಿ ಇಂಥ ಅಂಗಡಿಗಳಿಗೆ ಕೊರತೆಯಿಲ್ಲ. ಮ್ಯಾಕ್‌ಫಿಲಿಪ್ಸ್ ಬೀದಿಯ ನಾರ್ತ್‌ಗೇಟ್ ಸಂಕೀರ್ಣದ ಸೀಫುಡ್ ಸಿಟಿ ಇವುಗಳಲ್ಲಿ ದೊಡ್ಡದು. ಮೀನಿನ ವಿಭಾಗವನ್ನು ದಾಟಿ ಶೀತಪೆಟ್ಟಿಗೆಗಳತ್ತ ಹೋಗಲು ಮಗಳಿಗೆ ಹೇಳಿ. ತುರಿದ ತೆಂಗಿನಕಾಯಿ, ಮಡಚಿಟ್ಟ ಬಾಳೆಲೆ, ಅವರು ‘ಮಲುಂಗಾಯ್’ ಎನ್ನುವ ನಮ್ಮದೇ ನುಗ್ಗೆಸೊಪ್ಪು ಇಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಡಬ್ಬಿಯ ಎಳೆ ಹಲಸು ಉಪ್ಪುನೀರಿನದ್ದಾಗಿರಲಿ. ಸಕ್ಕರೆ ಪಾಕದ್ದು ಪಲ್ಯಕ್ಕೆ ಒದಗದು.

ಬೇಕರಿಗೆ ಬೆಳಿಗ್ಗೆಯೇ ಹೋಗುವುದು ಲೇಸು. ಮೇಲೆ ಬ್ರೆಡ್ಡಿನ ಪುಡಿ ಅಂಟಿಸಿಕೊಂಡ ಮೃದುವಾದ ಪಾಂಡೆಸಾಲ್ ಬನ್ ಬಿಸಿಯಿರುವಾಗ ಬಹಳ ರುಚಿ, ಆದರೆ ಕೆಲವೆಡೆ ಹಂದಿಯ ಕೊಬ್ಬು ಬಳಸುವುದರಿಂದ ಕೇಳಿಯೇ ಕೊಳ್ಳಬೇಕು. ಅಕ್ಕಿಹಿಟ್ಟು, ತೆಂಗಿನ ಹಾಲು ಸೇರಿಸಿ ಬಾಳೆಲೆಯ ಮೇಲೆ ಬೇಯಿಸುವ ಬಿಬಿಂಕಾದಲ್ಲಿ ಮೊಟ್ಟೆಯಿರುತ್ತದೆ. ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸುಮಾನ್ ನಿಮ್ಮವರಿಗೆ ಹೆಚ್ಚು ಹಿಡಿಸೀತು.

ಹೋಟೆಲುಗಳಲ್ಲಿ ಮಾತ್ರ ಎಚ್ಚರ ಅಗತ್ಯ. ಫಿಲಿಪ್ಪೀನ್ಸ್‌ನ ಫಾಸ್ಟ್‌ಫುಡ್ ಸರಣಿಯಾದ ಜಾಲಿಬೀಯ ಕೆನಡಾದ ಮೊದಲ ಮಳಿಗೆ 2016ರಲ್ಲಿ ಇದೇ ಊರಿನಲ್ಲಿ ತೆರೆಯಿತಾದರೂ ಅಲ್ಲಿನ ಹೆಸರುವಾಸಿ ತಿನಿಸು ಕರಿದ ಕೋಳಿ. ತರಕಾರಿಯ ಪದಾರ್ಥಕ್ಕೂ ಮೀನಿನ ರಸವಾದ ಪಾಟಿಸ್ ಅಥವಾ ಸಿಗಡಿಯ ಬಗೂಂಗ್ ಬೀಳುವುದುಂಟು. ಇವೆರಡರ ಹೆಸರು ಹೇಳಿಯೇ ವಿಚಾರಿಸಲಿ.