ಬಂದೂಕು ಕೊಟ್ಟರೆ ಹೊಲಿಗೆ ಮಷಿನ್

ವರ್ಷಗಟ್ಟಲೆ ಯುದ್ಧ ನಡೆದ ದೇಶದಲ್ಲಿ ಶಾಂತಿ ತರುವುದು ಸರ್ಕಾರ, ಸೈನ್ಯದ ಕೆಲಸ, ಅದರಲ್ಲಿ ಸಂಘ-ಸಂಸ್ಥೆಗಳಿಗೇನು ಕೆಲಸ ಅಂತ ಕೇಳಿದ್ದೀರಿ. ನಾನು ಪ್ರೊಫೆಸರ್ ಅಲ್ಲ. ಊರು ಗದಗ ಕಡೆ, ಮಡಗಾಂವ್‌ನಲ್ಲಿ ಟೇಲರ್ ಅಂಗಡಿ ಇದೆ. ಗಿರಾಕಿ ಅಜ್ಜ ಒಬ್ಬರು ಮೊದಲು ಆಫ್ರಿಕಾದ ಮೊಜಾಂಬಿಕ್‌ನಲ್ಲಿದ್ದವರು. ಗೋವಾದ ಹಾಗೆ ಅದೂ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಇಲ್ಲಿಂದ ತುಂಬಾ ಜನ ಹೋಗಿದ್ದರು. ಒಮ್ಮೆ ಪ್ಯಾಂಟ್ ಆಲ್ಟರ್ ಮಾಡಿಸಲು ಬಂದಾಗ ನನ್ನ ಮಷಿನ್ ತೋರಿಸಿ, "ಅಲ್ಲಿ ಬಂದೂಕು ಕೊಟ್ಟರೆ ಇದನ್ನ ಕೊಡ್ತಿದ್ರು" ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ಓದಿ ನೋಡಿದರೆ ನಿಜ.

ಅಲ್ಲಿ 1977ರಿಂದ 1992ರವರೆಗೆ ಫ್ರೆಲಿಮೊ ಸರ್ಕಾರಕ್ಕೂ ರೆನಾಮೊ ಬಂಡುಕೋರರಿಗೂ ಯುದ್ಧ. ಹಸಿವಿನಿಂದ ಸತ್ತವರೂ ಸೇರಿ ಸುಮಾರು 10 ಲಕ್ಷ ಜನ ಹೋದರು. ಇಬ್ಬರನ್ನೂ ರೋಮ್‌ನಲ್ಲಿ ಕೂರಿಸಿ ಮಾತಾಡಿಸಿದವರಲ್ಲಿ ಸಂತ ಎಜಿದಿಯೊ ಅನ್ನುವ ಕ್ಯಾಥೊಲಿಕ್ ಸಂಘ, ಮೊಜಾಂಬಿಕ್‌ನದೇ ಬೈರಾ ಊರಿನ ಆರ್ಚ್‌ಬಿಷಪ್ ಮುಖ್ಯ. 1992ರ ಅಕ್ಟೋಬರ್ 4ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಸಹಿ ಆಯ್ತು, ಆದರೆ ಎಷ್ಟೋ ಬಂದೂಕು ಹಾಗೇ ಬಚ್ಚಿಟ್ಟಲ್ಲೇ ಇದ್ದವು. ಪೊಲೀಸರು ಬಂದು ಕೊಡಿ ಅಂದರೆ ಯಾರು ಕೊಡ್ತಾರೆ, ಹೇಳಿ? 1995ರಲ್ಲಿ ಬಿಷಪ್ ಡಿನಿಸ್ ಸೆಂಗುಲಾನೆ ಮುಂದಾಳತ್ವದಲ್ಲಿ ಅಲ್ಲಿನ ಚರ್ಚುಗಳ ಒಕ್ಕೂಟ ಈ ಕೆಲಸಕ್ಕೆ ಕೈ ಹಾಕಿತು. ಬಂದೂಕು ತನ್ನಿ, ಗುದ್ದಲಿಯೋ ಸೈಕಲ್ಲೋ ಹೊಲಿಗೆ ಮಷಿನ್ನೋ ಒಯ್ಯಿರಿ. ಬಂದೂಕುಗಳನ್ನು ತುಂಡು ಮಾಡುತ್ತಿದ್ದರು. ಆ ತುಂಡುಗಳಿಂದ ಕಲಾವಿದರು ಮಾಡಿದ ಒಂದು ಕುರ್ಚಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಮಷಿನ್ ವಿಷಯ ನನಗೆ ಗೊತ್ತು. ಅದು ಮನೆಗೆ ಬಂದರೆ ಗಿರಾಕಿ ಬರುತ್ತಾರೆ, ಅವರಲ್ಲಿ ಹೋದ ವರ್ಷ ನಿಮ್ಮ ಮೇಲೆ ಗುಂಡು ಹಾರಿಸಿದವನೂ ಇರಬಹುದು, ಅವನ ಸೊಂಟಕ್ಕೂ ಟೇಪ್ ಹಿಡಿದು ಅಳತೆ ತಗೋಬೇಕು, ನಾಳಿದ್ದು ಕೊಡ್ತೀನಿ ಅಂತ ಸುಳ್ಳೂ ಹೇಳಬೇಕು! ಇದನ್ನು ಯಾವ ಮಂತ್ರಿ ಮಾಡಿಸೋಕಾಗುತ್ತೆ?

ಸುಮ್ನೆ ಹೊಗಳುತ್ತಿಲ್ಲ. ಮೇಲಿನವರ ಕುರ್ಚಿ ಜಗಳ ಸಂಘಗಳ ಕೈಯಲ್ಲಿ ಬಗೆಹರಿಯಲ್ಲ. ಅಲ್ಲಿ 2013ರಲ್ಲಿ ಮತ್ತೆ ಕಾದಾಟ ಶುರುವಾಯಿತು, 2019ರಲ್ಲಿ ಮತ್ತೊಂದು ಒಪ್ಪಂದ ಬೇಕಾಯಿತು.

ಇನ್ನೊಂದು ಉದಾಹರಣೆ ಬೇಕಿದ್ದರೆ 2003ರ ಲೈಬೀರಿಯಾ ನೋಡಿ. ಯುದ್ಧ ನಿಲ್ಲಿಸಿ ಅಂತ ಬಿಳಿ ಟೀಶರ್ಟ್ ಹಾಕಿ ಮೀನು ಮಾರ್ಕೆಟ್ ಹತ್ತಿರ ಧರಣಿ ಕೂತಿದ್ದ ಹೆಂಗಸರು ಘಾನಾದ ಅಕ್ರಾದವರೆಗೂ ಹೋದರು. ಅಲ್ಲಿ ಶಾಂತಿ ಮಾತುಕತೆಯ ಹಾಲ್ ಬಾಗಿಲಿಗೇ ಅಡ್ಡ ಕೂತು ಒಳಗಿದ್ದ ನಾಯಕರನ್ನು ಹೊರಗೆ ಬಿಡಲಿಲ್ಲ.