ನಡಾವಳಿಯಲ್ಲಿ ಇಲ್ಲದ ಮಾತು

ಓದುಗರ ಪತ್ರ (ಸಂಗ್ರಹಿಸಿ): ಗೋವೆಯ ಸಣ್ಣ ಪಟ್ಟಣವೊಂದರ ಮಾರುಕಟ್ಟೆ ರಸ್ತೆಯಲ್ಲಿ ನಮ್ಮ ತಾಯಿ 22 ವರ್ಷಗಳಿಂದ ಸೊಪ್ಪು ಮಾರುತ್ತಿದ್ದಾರೆ. ಹೊಸ ಕಟ್ಟೆ ಸಿದ್ಧವಾಗುವವರೆಗೆ ಯಾರನ್ನೂ ಎಬ್ಬಿಸುವುದಿಲ್ಲ ಎಂದು ಅಧ್ಯಕ್ಷರು ಪುರಸಭೆಯ ಸಭೆಯಲ್ಲಿಯೇ ಹೇಳಿದ್ದರು. ಮುಂದಿನ ಸಭೆಗೂ ಹೋಗಿ ಮೂರು ಗಂಟೆ ಕುಳಿತೆ. ಹಿಂದಿನ ಸಭೆಯ ನಡಾವಳಿ ಓದಿ ಮುಗಿಸಲು ಮುಕ್ಕಾಲು ಗಂಟೆ, ಆಮೇಲೆ ಚರಂಡಿಯ ಅಂದಾಜುಪಟ್ಟಿ, ಕಸದ ಗಾಡಿಯ ದುರಸ್ತಿ, ಸೋಪೋ ಎಂಬ ಮಾರುಕಟ್ಟೆ ಶುಲ್ಕದ ಹರಾಜು. ನಮ್ಮ ವಿಷಯ ಅರ್ಧ ನಿಮಿಷದಲ್ಲಿ ಮುಗಿಯಿತು. ನಳದ ನೀರಿನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಇಂಥ ಒಣ ಕಲಾಪಗಳಿಗೆ ನಿಮ್ಮ ಪತ್ರಿಕೆ ಪುಟ ಕೊಡುವುದೇಕೆ? ಎರಡೂ ಸಭೆಗಳ ನಡಾವಳಿಯ ಪ್ರತಿಗಳನ್ನು ಇದರೊಡನೆ ಇಟ್ಟಿದ್ದೇನೆ.

ಸಂಪಾದಕರ ಉತ್ತರ:

ಮಾನ್ಯರೇ,

ನೀವು ಬೇಸರದಿಂದ ಕಳೆದ ಆ ಮುಕ್ಕಾಲು ಗಂಟೆಯಲ್ಲಿಯೇ ನಿಮ್ಮ ತಾಯಿಯವರ ಜಾಗದ ವಿಷಯ ಕೈತಪ್ಪಿದೆ. ಮೊದಲ ಸಭೆಯ ನಡಾವಳಿಯ ಪ್ರತಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಅಧ್ಯಕ್ಷರು ಕೊಂಕಣಿಯಲ್ಲಿ ಕೊಟ್ಟ ಭರವಸೆಯನ್ನು ನೀವು ಕಿವಿಯಾರೆ ಕೇಳಿದ್ದೀರಿ, ನಿಮ್ಮ ಪಕ್ಕದಲ್ಲಿ ಕುಳಿತ ವ್ಯಾಪಾರಿಗಳೂ ಕೇಳಿದ್ದಾರೆ. ಆದರೆ ಇಂಗ್ಲಿಷಿನಲ್ಲಿ ಬರೆದ ನಡಾವಳಿಯಲ್ಲಿ ಇರುವುದು "ವಿಷಯವನ್ನು ಚರ್ಚಿಸಿ, ನಿಯಮಾನುಸಾರ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂಬ ಅರ್ಥದ ಒಂದೇ ಸಾಲು. ಹೊಸ ಕಟ್ಟೆಯ ಮಾತೂ ಇಲ್ಲ, ಎಬ್ಬಿಸುವುದಿಲ್ಲ ಎಂಬ ಮಾತೂ ಇಲ್ಲ. ಮುಂದಿನ ಸಭೆಯಲ್ಲಿ ಇದನ್ನು ಓದಿದಾಗ ಯಾವ ನಗರಸೇವಕರೂ, ಅಂದರೆ ಪುರಸಭೆಯ ಸದಸ್ಯರೂ, ತಕರಾರು ಎತ್ತಲಿಲ್ಲವಾದ್ದರಿಂದ ನಡಾವಳಿ ದೃಢಪಟ್ಟಿತು. ಆ ಮೇಲೆ ನಿಮ್ಮ ವಿಷಯ ಅರ್ಧ ನಿಮಿಷದಲ್ಲಿ ಮುಗಿದದ್ದರಲ್ಲಿ ಆಶ್ಚರ್ಯವೇನಿದೆ? ಚರ್ಚಿಸಲು ಅಲ್ಲಿ ಏನೂ ಉಳಿದಿರಲಿಲ್ಲ.

ಮೋಸ ನಡೆದಿದೆ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಬರೆದುಕೊಳ್ಳುವ ಗುಮಾಸ್ತರು ಆಡಿದ್ದೆಲ್ಲವನ್ನೂ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ನಾನು ವರದಿಗಾರನಾಗಿ ಹೊಸದಾಗಿ ಸೇರಿದಾಗ ಮುಂಬಯಿಯಿಂದ ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆ ದೂರದ ನಗರ ಪರಿಷತ್ತಿನ ಸಭೆಗಳಿಗೆ ಕಳಿಸುತ್ತಿದ್ದರು. ಅಲ್ಲಿ ಮೇಜು ಗುದ್ದಿದವರ ಮಾತನ್ನೆಲ್ಲ ನಾನು ಪುಟಗಟ್ಟಲೆ ಗೀಚಿಕೊಳ್ಳುತ್ತಿದ್ದೆ. ಗುಮಾಸ್ತರು ಮಾತ್ರ ಪೆನ್ನಿನ ಮುಚ್ಚಳ ತೆಗೆಯದೆ ಕುಳಿತಿದ್ದು, ಗದ್ದಲ ಅಡಗಿ "ಠರಾವು ಹೀಗೆ", ಅಂದರೆ ನಿರ್ಣಯ ಹೀಗೆ, ಎಂದು ಯಾರಾದರೂ ಹೇಳಿದಾಗ ಎರಡು ಸಾಲು ಬರೆಯುತ್ತಿದ್ದರು. ಮರುದಿನ ನನ್ನ ವರದಿ ರಂಗಾಗಿರುತ್ತಿತ್ತು. ಆದರೆ ರಸ್ತೆಯಾಗುತ್ತಿದ್ದುದು ಅವರ ಎರಡು ಸಾಲಿನ ಪ್ರಕಾರ.

ನಿಮ್ಮ ಪ್ರಸಂಗದಲ್ಲಿ ಇದು ಇನ್ನೂ ಮುಖ್ಯವಾಗುವುದಕ್ಕೆ ಕಾರಣವಿದೆ. ಮಹಾರಾಷ್ಟ್ರದ ನಗರ ಪರಿಷತ್ತುಗಳಲ್ಲಿ ನಗರಾಧ್ಯಕ್ಷರನ್ನು ಈಗ ಮತದಾರರೇ ನೇರವಾಗಿ ಆರಿಸುತ್ತಾರೆ. ಗೋವೆಯಲ್ಲಿ, 1968ರ ಪುರಸಭಾ ಕಾಯಿದೆಯಡಿ, ಗೆದ್ದು ಬಂದ ಸದಸ್ಯರು ತಮ್ಮೊಳಗಿಂದಲೇ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ; ನಾಲ್ಕಾರು ಸದಸ್ಯರು ಗುಂಪು ಬದಲಿಸಿದರೆ ಅವಿಶ್ವಾಸದ ಗೊತ್ತುವಳಿ ಬಂದು ಕುರ್ಚಿ ಕೈಬದಲಾಗುತ್ತದೆ. ಒಂದೂವರೆ ವರ್ಷದಲ್ಲಿ ಇಬ್ಬರು ಅಧ್ಯಕ್ಷರನ್ನು ಕಂಡೆವು ಎಂದು ನೀವೇ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಹೋದವರ ಬಾಯಿಮಾತಿಗೆ ಬಂದವರು ಹೊಣೆಯಲ್ಲ, ಆದರೆ ಪುರಸಭಾ ಮಂಡಳಿಯ ಠರಾವನ್ನು ಅವರು ಇನ್ನೊಂದು ಠರಾವಿನಿಂದ ಬದಲಿಸುವವರೆಗೆ ಪಾಲಿಸಲೇಬೇಕು.

ನೀರಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಗದಗದ ಕಡೆಯಿಂದ ಹೋದ ನಿಮಗೆ ನಳದ ನೀರೆಂದರೆ ಪುರಸಭೆಯೇ ಎನಿಸುವುದು ಸಹಜ, ಏಕೆಂದರೆ ನಮ್ಮ ಊರುಗಳಲ್ಲಿ ಅದು ಹಾಗೆಯೇ ನಡೆದುಬಂದಿದೆ. ಗೋವೆಯಲ್ಲಿ ನೀರೂ ವಿದ್ಯುತ್ತೂ ರಾಜ್ಯ ಸರ್ಕಾರದ ಇಲಾಖೆಗಳ ಕೈಯಲ್ಲಿವೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿ ಸಂವಿಧಾನಕ್ಕೆ 12ನೆಯ ಅನುಸೂಚಿಯನ್ನು ಸೇರಿಸಿತು; ಅದರ 18 ವಿಷಯಗಳಲ್ಲಿ ನೀರು ಪೂರೈಕೆಯೂ ಇದೆಯಾದರೂ ಯಾವುದನ್ನು ಪುರಸಭೆಗಳಿಗೆ ವಹಿಸಬೇಕೆಂಬುದನ್ನು ರಾಜ್ಯಗಳ ವಿವೇಚನೆಗೇ ಬಿಟ್ಟಿತು. ಹಾಗಾಗಿ ನಿಮ್ಮ ನಗರಸೇವಕರು ಆ ವಿಷಯದಲ್ಲಿ ಸುಮ್ಮನಿದ್ದದ್ದನ್ನು ನಾನು ತಪ್ಪೆಣಿಸುವುದಿಲ್ಲ.

ನೀವು ಒಣ ಎಂದು ತಳ್ಳಿಹಾಕಿದ ಉಳಿದ ವಿಷಯಗಳ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಚರಂಡಿಯ ಹೂಳೆತ್ತುವ ಅಂದಾಜುಪಟ್ಟಿಗೆ ಏಪ್ರಿಲಿನಲ್ಲಿ ಮಂಜೂರಾತಿ ಸಿಗದಿದ್ದರೆ ಟೆಂಡರ್ ಮೇ ತಿಂಗಳಿಗೆ ಹೋಗುತ್ತದೆ; ಜೂನ್ ಮೊದಲ ವಾರಗಳಲ್ಲಿ ಮಳೆ ಹಿಡಿದಾಗ ನಿಮ್ಮ ತಾಯಿಯವರ ಬುಟ್ಟಿಯ ಸುತ್ತಲೇ ನೀರು ನಿಲ್ಲುತ್ತದೆ. ಸೋಪೋ ಅಂತೂ ನೇರವಾಗಿ ನಿಮ್ಮ ಮನೆಯ ಲೆಕ್ಕ. ಮಾರುಕಟ್ಟೆಯಲ್ಲಿ ಕುಳಿತವರಿಂದ ದಿನವೂ ವಸೂಲಾಗುವ ಈ ಶುಲ್ಕದ ದರವನ್ನು ಗೊತ್ತುಮಾಡುವುದು ಮಂಡಳಿ, ವಸೂಲಿಯ ಹಕ್ಕನ್ನು ಹಲವು ಕಡೆ ವರ್ಷಕ್ಕೊಮ್ಮೆ ಹರಾಜು ಹಾಕುವುದೂ ಮಂಡಳಿಯೇ. ಗುತ್ತಿಗೆದಾರರು ಬೆಳಿಗ್ಗೆ ಕೇಳುವ ಹಣ ಠರಾವಿನ ದರಕ್ಕೆ ಸರಿಯಾಗಿದೆಯೇ, ಕೊಟ್ಟದ್ದಕ್ಕೆಲ್ಲ ರಸೀದಿ ಹರಿದುಕೊಡುತ್ತಾರೆಯೇ ಎಂದು ನೋಡಲು ಆ ದಿನ ಓದಿದ ಕಾಗದವೇ ಆಧಾರ. ಅದು ಓದುವಾಗ ಚಹಾ ಕುಡಿಯಲು ಹೊರಗೆ ಹೋಗಿದ್ದೆ ಎಂದು ಬರೆದಿದ್ದೀರಿ. ನಿಮ್ಮ ಪ್ರಾಮಾಣಿಕತೆ ಮೆಚ್ಚತಕ್ಕದ್ದು, ಹೊತ್ತು ಮಾತ್ರ ತಪ್ಪಿತು.

ಇನ್ನು ಜಾಗದ ವಿಷಯ. ಈ ಅಸ್ತ್ರ ನಿಮ್ಮ ಕೈಯಲ್ಲಿದ್ದೂ ಎರಡು ಸಭೆಗಳಲ್ಲಿಯೂ ಯಾರೂ ಅದರ ಹೆಸರೆತ್ತಲಿಲ್ಲವೆಂಬುದು ನನಗೆ ಸೋಜಿಗ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಗೆಂದು ಸಂಸತ್ತು 2014ರಲ್ಲಿ ಮಾಡಿದ ಕಾಯಿದೆಯ ಪ್ರಕಾರ ಪ್ರತಿ ಪಟ್ಟಣದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು; ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40ರಷ್ಟು ವ್ಯಾಪಾರಿಗಳೇ ಆರಿಸಿಕೊಂಡ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ ಈ ಸಮಿತಿಯ ಶಿಫಾರಸು ಬೇಕು, 30 ದಿನಗಳ ನೋಟೀಸೂ ಬೇಕು. ನಡಾವಳಿಯ ಆ ಬೋಳು ಸಾಲಿನಲ್ಲಿರುವ "ನಿಯಮಾನುಸಾರ" ಎಂಬ ಪದಕ್ಕೆ ನಿಜವಾದ ಅರ್ಥ ಇದೇ, ಆದ್ದರಿಂದ ಅದು ನಿಮಗೆ ಅನುಕೂಲವಾಗಿಯೂ ತಿರುಗಬಲ್ಲದು. ನಿಮ್ಮ ಪಟ್ಟಣದಲ್ಲಿ ಸಮಿತಿ ರಚನೆಯಾಗಿದೆಯೇ, ಸಮೀಕ್ಷೆ ಯಾವಾಗ ನಡೆಯಿತು, ಪಟ್ಟಿಯಲ್ಲಿ ನಿಮ್ಮ ತಾಯಿಯವರ ಹೆಸರಿದೆಯೇ ಎಂಬ ಮೂರೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕಾಗುತ್ತದೆ.

ದೃಢಪಟ್ಟ ನಡಾವಳಿಯನ್ನು ಈಗ ತಿದ್ದಿಸಲು ಹೊರಟರೆ ಜಗಳವೇ ಹೆಚ್ಚು. ಅದರ ಬದಲು ವ್ಯಾಪಾರಿಗಳೆಲ್ಲ ಸಹಿ ಮಾಡಿದ ಮನವಿಯೊಂದನ್ನು ಮುಖ್ಯಾಧಿಕಾರಿಗಳ ಕಚೇರಿಯ ಆವಕ (ಬಂದ ಪತ್ರಗಳ) ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಹೊಸ ಕಟ್ಟೆ ಸಿದ್ಧವಾಗುವವರೆಗೆ ಸ್ಥಳಾಂತರವಿಲ್ಲ ಎಂಬ ಠರಾವಿನ ಕರಡನ್ನೂ ಅದಕ್ಕೆ ಲಗತ್ತಿಸಿ, ವಾರ್ಡಿನ ನಗರಸೇವಕರು ಅದನ್ನು ತಮ್ಮ ಹೆಸರಿನಲ್ಲಿ ಮಂಡಿಸಲು ಒಪ್ಪುವರೇ ಎಂದು ಸಭೆಗೆ ಮುಂಚೆಯೇ ಕೇಳಿ. ಪ್ರೇಕ್ಷಕರಾದ ನಿಮಗೆ ಸಭೆಯಲ್ಲಿ ಮಾತಾಡುವ ಅಧಿಕಾರವಿಲ್ಲ, ಅವರಿಗೆ ಇದೆ.

ಪತ್ರಿಕೆಯ ಪುಟಗಳ ಮಾತಿಗೆ ಬಂದರೆ, ಕಲಾಪದ ಅಂಕಣವನ್ನು ನಿಲ್ಲಿಸುವ ಯೋಚನೆ ನಮಗಿಲ್ಲ. ಮುಂದಿನ ಸಭೆಯ ವಿಷಯಪಟ್ಟಿ ಸಿಕ್ಕೊಡನೆ ಒಂದು ಪ್ರತಿ ನಮಗೂ ಕಳಿಸಿ. ಅದರ ಕಟ್ಟಕಡೆಯಲ್ಲಿ "ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯಗಳು" ಎಂಬ ಸಾಲು ಇರುತ್ತದೆ. ಎಲ್ಲರೂ ಎದ್ದು ಹೊರಡುವ ಹೊತ್ತಿನಲ್ಲಿ ಅದು ಬರುವುದರಿಂದ, ಆ ದಿನ ದಯವಿಟ್ಟು ಅದು ಮುಗಿಯುವವರೆಗೆ ಕುಳಿತಿರಿ.

— ಸಂಪಾದಕ